ನಮ್ಮ ಅಡುಗೆಮನೆಯ ಬೆಲ್‌ಫಾಸ್ಟ್

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಓದಿದ್ದು ಎಂದು ನಾನು ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಒಂದು ಗೋಡೆ ಇದೆ. ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಈ ಕಡೆ ಕುಳಿತ ಮುದುಕಿಯೊಬ್ಬಳು ಸಣ್ಣ ಬಟ್ಟಲೊಂದನ್ನು ಆ ಕಡೆಗೆ ದಾಟಿಸುತ್ತಾಳೆ, ಆ ಕಡೆಯಿಂದ ಬಳೆ ತೊಟ್ಟ ಕೈಯೊಂದು ಬಂದು ಅದನ್ನು ಹಿಡಿದುಕೊಳ್ಳುತ್ತದೆ. ಬಹಳ ವರ್ಷ ಈ ಚಿತ್ರ ಬೆಲ್‌ಫಾಸ್ಟಿನದೆಂದು ನಂಬಿದ್ದೆ. ಹೈಸ್ಕೂಲಿನಲ್ಲಿದ್ದಾಗ ಓದಿದ ಒಂದು ಹರಕು ಇಂಗ್ಲಿಷ್ ಕಾದಂಬರಿಯಲ್ಲಿ ಅದು ಬರುತ್ತದೆ ಎಂದುಕೊಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಗೆಳೆಯರಿಗೆ ಹೇಳಿದೆ, ಆಮೇಲೆ ಗಂಗಾವತಿಯ ಕಾಲೇಜಿನಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೂ ಹೇಳಿದೆ. ಐರ್ಲೆಂಡಿನ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಜನರ ಕಲಹದ ಮಾತು ಬಂದಾಗಲೆಲ್ಲ ಆ ಬಟ್ಟಲು ಗೋಡೆ ದಾಟುತ್ತಿತ್ತು. ಪ್ರತಿ ಸಲ ಹೇಳುವಾಗಲೂ ಅದು ಕಣ್ಣೆದುರೇ ನಡೆದಂತೆ ಇರುತ್ತಿತ್ತು. ಅದು ಸಾಹಿತ್ಯದ ಶಕ್ತಿ ಎಂದುಕೊಂಡಿದ್ದೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಅಲ್ಲೂ ಹೆಣಮಕ್ಕಳು ಹಸರ ಗಾಜಿನ ಬಳೀ ಹಾಕ್ಕೋತಾರೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ದಿನದ ಪಾಠ ಮುಂದೆ ಸಾಗಲಿಲ್ಲ. ಬಳೆ ಹಸಿರು ಎಂದು ನಾನು ಯಾವಾಗ ಹೇಳಿದ್ದೆ? ಹೇಳಿರಬೇಕು. ನನಗೆ ಅದು ಹಸಿರಾಗಿಯೇ ಕಾಣುತ್ತಿತ್ತು. ಸಂಶಯ ಪಡುವುದನ್ನು ಕಲಿತು, ಅದನ್ನೇ ಕಲಿಸಿ ಸಂಬಳ ತೆಗೆದುಕೊಂಡವನು ನಾನು. ನನ್ನ ತಲೆಯಲ್ಲಿದ್ದ ಒಂದು ಕೈಯ ಮೇಲೆ ಮಾತ್ರ ಒಮ್ಮೆಯೂ ಸಂಶಯ ಪಟ್ಟಿರಲಿಲ್ಲ.

ನಮ್ಮ ಊರು ಕುಕನೂರಿನಿಂದ ಯಲಬುರ್ಗಾ ಕಡೆಗೆ ಹೋಗುವ ಎರೆ ಸೀಮೆಯಲ್ಲಿದೆ. ಮನೆಯ ಮುಂಭಾಗದಲ್ಲಿ ಕಿರಾಣಿ ಅಂಗಡಿ, ಅದರ ಹಿಂದೆ ಕಟ್ಟಿಗೆ ಕಂಬಗಳ ಪಡಸಾಲೆ, ಪಡಸಾಲೆಯ ಹಿಂದೆ ಉದ್ದನೆಯ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕಂಬದಂಥ ಬಿಸಿಲು ಪಡಸಾಲೆಯೊಳಗೆ ಇಳಿಯುತ್ತಿತ್ತು, ಊಟದ ಹೊತ್ತಿಗೆ ಅದು ಜೋಳದ ಚೀಲಗಳ ಮೇಲೆ ಬಂದು ನಿಲ್ಲುತ್ತಿತ್ತು. ಅಡುಗೆಮನೆಯಲ್ಲಿ ಎರಡು ಒಲೆಗಳಿದ್ದವು. ಒಂದರ ಮುಂದೆ ನನ್ನ ಅವ್ವ, ಇನ್ನೊಂದರ ಮುಂದೆ ದೊಡ್ಡವ್ವ, ಎಂದರೆ ಅಪ್ಪನ ಅಣ್ಣನ ಹೆಂಡತಿ. ಇಬ್ಬರೂ ರೊಟ್ಟಿ ಬಡಿಯುವ ಸದ್ದು ಒಂದಕ್ಕೊಂದು ಹೊಂದಿಕೊಂಡು ಹೋಗುತ್ತಿತ್ತು. ಎರಡೂ ಒಲೆಗಳ ನಡುವೆ, ಗೋಣಿಚೀಲ ಮಡಿಸಿ ಹಾಕಿಕೊಂಡು ಕೂಡುತ್ತಿದ್ದವಳು ಆಯಿ, ಅಪ್ಪ ಮತ್ತು ದೊಡ್ಡಪ್ಪನ ತಾಯಿ. ಹಾಲು ಕಾಸುವುದು, ಹೆಪ್ಪು ಹಾಕುವುದು, ಮಜ್ಜಿಗೆ ಕಡೆಯುವುದು ಅವಳ ಇಲಾಖೆ. ಅದಕ್ಕೆ ಸೊಸೆಯರು ಕೈ ಹಾಕುವಂತಿರಲಿಲ್ಲ. ನಾನು ಅಪ್ಪ ಅವ್ವನಿಗೆ ಒಬ್ಬನೇ ಮಗ. ದೊಡ್ಡಪ್ಪನಿಗೆ ಒಬ್ಬಳೇ ಮಗಳು, ಗಿರಿಜಕ್ಕ. ನನಗಿಂತ ಸ್ವಲ್ಪ ದೊಡ್ಡವಳು. ಪಡಸಾಲೆಯಲ್ಲಿ ಒಂದೇ ಕೌದಿಯೊಳಗೆ ಮಲಗಿ ಬೆಳೆದ ನಮಗೆ ನಾವು ಬೇರೆ ಬೇರೆ ತಂದೆತಾಯಿಯ ಮಕ್ಕಳು ಎಂಬುದು ಶಾಲೆಗೆ ಹೆಸರು ಹಚ್ಚುವಾಗಲೇ ಗೊತ್ತಾದದ್ದು.

ಊರಲ್ಲಿ ಎರಡು ಮಠಗಳಿದ್ದವು. ಗುಡ್ಡದ ಕಡೆಗಿದ್ದದ್ದು ಮೇಲುಮಠ, ಹಳ್ಳದ ಕಡೆಗಿದ್ದದ್ದು ಕೆಳಮಠ. ಎರಡಕ್ಕೂ ವಿಭೂತಿ ಒಂದೇ, ಲಿಂಗ ಒಂದೇ, ಹಾಡುವ ವಚನವೂ ಒಂದೇ. ಪರಂಪರೆ ಬೇರೆ ಎನ್ನುತ್ತಿದ್ದರು. ನಮ್ಮ ಮನೆ ಮೊದಲಿನಿಂದ ಮೇಲುಮಠದ್ದು, ದೊಡ್ಡಪ್ಪ ಆ ಮಠದ ಕಮಿಟಿಯಲ್ಲಿದ್ದ. ಅಜ್ಜ ಹಾಸಿಗೆ ಹಿಡಿದಾಗ ಕೆಳಮಠದ ಅಯ್ಯನವರು ದಿನವೂ ಬಂದು ಅವನ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದರಂತೆ. ಆಗಿನಿಂದ ಅಪ್ಪ ಹಳ್ಳದ ಕಡೆ ನಡೆಯತೊಡಗಿದ. ಅಪ್ಪ ಮನೆಯಲ್ಲಿ ಯಾವತ್ತೂ ಚಿಕ್ಕವನು. ಅಂಗಡಿಗೆ ಯಾವ ಸರಕು ತರಬೇಕು, ಹೊಲಕ್ಕೆ ಯಾವ ಬೀಜ ಎಂಬುದನ್ನೆಲ್ಲ ದೊಡ್ಡಪ್ಪ ನಿರ್ಧರಿಸಿದ ಮೇಲೆ ಅಪ್ಪನಿಗೆ ತಿಳಿಸುತ್ತಿದ್ದ. ಆ ಮನುಷ್ಯ ತನ್ನದೆಂದು ಆರಿಸಿಕೊಂಡ ಮೊದಲ ವಸ್ತು ಆ ಮಠ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅದು ದೇವರ ವಿಷಯ ಎಂದೇ ತೋರಿತ್ತು.

ಅಜ್ಜನ ಪುಣ್ಯತಿಥಿಯ ದಿನ ಎರಡೂ ಮಠದ ಅಯ್ಯನವರು ಒಟ್ಟಿಗೆ ಬಂದರು. ಒಬ್ಬರನ್ನು ದೊಡ್ಡಪ್ಪ ಕರೆದಿದ್ದ, ಇನ್ನೊಬ್ಬರನ್ನು ಅಪ್ಪ. ಪಾದಪೂಜೆ ಆಗದೆ ಯಾರೂ ಊಟಕ್ಕೆ ಕೂಡುವಂತಿಲ್ಲ. ಪಡಸಾಲೆಯಲ್ಲಿ ಎರಡು ಮಣೆ ಹಾಕಿತ್ತು, ಆಯಿ ತಂಬಿಗೆ ಹಿಡಿದು ನಿಂತಿದ್ದಳು. ಯಾರ ಪಾದ ಮೊದಲು ತೊಳೆಯಬೇಕು?

"ಅಪ್ಪನ ಬಾಯಾಗ ಕಡೀ ನೀರು ಬಿಟ್ಟವರು ಮೇಲುಮಠದವರು. ಮೊದಲನೇ ಪಾದ ಅವರದ," ಎಂದ ದೊಡ್ಡಪ್ಪ.

"ನೀರು ಬಿಟ್ಟವರು ಅವರು, ಖರೆ. ಹಾಸಿಗಿ ಹತ್ತಿ ಕುಂತವರು ಯಾರು? ಆವಾಗ ನೀ ಎಲ್ಲಿದ್ದಿ ಅಣ್ಣಾ?"

"ನಾ ಎಲ್ಲಿದ್ದೆ ಅಂತ ನೀ ಕೇಳ್ತಿ?"

"ಕೇಳ್ತೀನಿ. ಇಷ್ಟ ವರ್ಷ ಕೇಳಿದ್ದಿಲ್ಲ. ಇವತ್ತ ಕೇಳ್ತೀನಿ."

ಮೇಲುಮಠದ ಅಯ್ಯನವರು ವಯಸ್ಸಾದವರು. ಅವರು ಮೆತ್ತಗೆ ಹೇಳಿದರು:

"ತಮ್ಮಾ, ನನ್ನ ಕಾಲು ಎಲ್ಲೂ ಓಡಿ ಹೋಗೂದಿಲ್ಲ. ಅವರದ ಮೊದಲ ತೊಳೀರಿ. ಹೋಳಿಗಿ ಆರಾಕತ್ತಾವು."

ಕೆಳಮಠದವರು ಈ ಮಾತಿಗೆ ನಕ್ಕಿದ್ದು ನನಗೆ ನೆನಪಿದೆ, ಅಥವಾ ನಕ್ಕಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆಮೇಲೆ ನಾನೇ ಸೇರಿಸಿಕೊಂಡಿದ್ದೇನೆ. ಅಯ್ಯನವರ ನಡುವೆ ಜಗಳವೇ ಇರಲಿಲ್ಲ. ಅಣ್ಣತಮ್ಮಂದಿರು ಮಾತ್ರ ಅವರ ಮಾತು ಕೇಳಿಸಿಕೊಳ್ಳುವ ಹಂತ ದಾಟಿದ್ದರು. ಆಯಿಯ ಕೈಯಲ್ಲಿನ ತಂಬಿಗೆ ತುಂಬಿಯೇ ಉಳಿಯಿತು. ಇಬ್ಬರು ಅಯ್ಯನವರೂ ಉಣ್ಣದೆ ಎದ್ದು ಹೋದರು. ಮಣೆಗಳನ್ನು ಯಾರೂ ಎತ್ತಲಿಲ್ಲ. ಅಂದು ಗಿರಿಜಕ್ಕ ಮತ್ತು ನಾನು ಅವುಗಳ ಮೇಲೆ ಎದುರುಬದುರು ಕುಳಿತು ಆರಿದ ಹೋಳಿಗೆ ತಿಂದೆವು. ಅದು ನಾವಿಬ್ಬರೂ ಆ ಮನೆಯಲ್ಲಿ ಕೂಡಿ ಉಂಡ ಕೊನೆಯ ಊಟ.

ಗೋಡೆ ಕಟ್ಟಲು ಮೌಲಾಸಾಬ ಎಂಬ ಗೌಂಡಿ ಬಂದ. ಪಡಸಾಲೆಯ ನಡುವಿನಿಂದ ಎಬ್ಬಿಸುತ್ತ ಅಡುಗೆಮನೆಯೊಳಗೆ ಬಂದರೆ ಗೋಡೆ ಸರಿಯಾಗಿ ಆಯಿ ಕೂಡುವ ಜಾಗದ ಮೇಲೆ ಬೀಳುತ್ತಿತ್ತು. ಅವಳು ಗೋಣಿಚೀಲ ಸರಿಸಿಕೊಂಡು ನಮ್ಮ ಕಡೆಗೆ ಕುಳಿತಳು. ನಮ್ಮ ಕಡೆಯೇ ಏಕೆ ಎಂದು ಆಮೇಲೆ ಊರೆಲ್ಲ ಅರ್ಥ ಹಚ್ಚಿತು. ಬಾಗಿಲು ಈ ಕಡೆ ಹತ್ತಿರವಿತ್ತು, ಅವಳಿಗೆ ಮೊಣಕಾಲು ನೋವಿತ್ತು, ಇಷ್ಟೇ ಇರಬಹುದು. ಮೌಲಾಸಾಬ ಅವಳನ್ನು ನಗಿಸಲು ನೋಡಿದ.

"ಆಯಿ, ಗೋಡಿ ಯಾವ ಮಠದ್ದು ಮಾಡ್ಲಿ?"

"ನಿಂದ ಮಸೂತಿದು ಮಾಡು, ತಂಟೇನ ಬ್ಯಾಡ," ಎಂದಳು ಆಯಿ. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲೊಂದು ದೀಪದ ಗೂಡು ಬಿಡಪಾ. ನಾ ಕುಂತಲ್ಲಿ ಕೈಗಿ ಹತ್ತಬೇಕು," ಎಂದಳು.

ಈ ಕೊನೆಯ ಮಾತು ನಾನು ಕೇಳಿದ್ದೇನೆಯೇ? ಕೇಳಿದ್ದೇನೆ ಎಂದು ಕೋರ್ಟಿನಲ್ಲಿ ಹೇಳಲಾರೆ.

ಗೋಡೆ ಮನೆಯೊಳಗೆ ನಿಲ್ಲಲಿಲ್ಲ. ಊರೂ ಹಾಗೆಯೇ ಸೀಳಿತು, ಅಥವಾ ಮೊದಲೇ ಸೀಳಿತ್ತು, ನನಗೆ ಆಗ ಕಾಣಿಸಿತು. ಮೇಲುಮಠದವರು ಬೀಸಲು ಒಂದು ಗಿರಣಿಗೆ ಹೋಗುತ್ತಿದ್ದರು, ಕೆಳಮಠದವರು ಇನ್ನೊಂದಕ್ಕೆ. ಹೆಂಗಸೊಬ್ಬಳು ಜೋಳದ ಬುಟ್ಟಿ ಹೊತ್ತು ಓಣಿಯ ತುದಿಯಲ್ಲಿ ಎಡಕ್ಕೆ ತಿರುಗಿದಳೋ ಬಲಕ್ಕೆ ತಿರುಗಿದಳೋ ನೋಡಿದರೆ ಅವಳು ಯಾರ ಪೈಕಿ ಎಂದು ಗೊತ್ತಾಗುತ್ತಿತ್ತು. ಆ ಕಡೆಯ ಮನೆಯಿಂದ ಒಂದು ಬೆಂಕಿಕಡ್ಡಿಯೂ ಬರಬಾರದು, ಈ ಕಡೆಯಿಂದ ಒಂದು ಹನಿ ಮಜ್ಜಿಗೆಯೂ ಹೋಗಬಾರದು ಎಂದು ಅಣ್ಣತಮ್ಮಂದಿರಿಬ್ಬರೂ ತಮ್ಮ ತಮ್ಮ ಪಡಸಾಲೆಯಲ್ಲಿ ನಿಂತು ಗೋಡೆಗೆ ಕೇಳಿಸುವ ಹಾಗೆ ಹೇಳಿದರು. ಅರ್ಧವಾದ ಪಡಸಾಲೆಯಲ್ಲಿ ಬೆಳಕಿಂಡಿ ಆ ಕಡೆಗೆ ಹೋಗಿತ್ತು. ನಮ್ಮ ಪಾಲಿಗೆ ಉಳಿದದ್ದು ಕತ್ತಲೆ ಮತ್ತು ಒಂದಿಡೀ ಕೌದಿ. ಅದು ನನಗೊಬ್ಬನಿಗೆ ದೊಡ್ಡದಾಯಿತು. ಎಷ್ಟು ಹೊದ್ದುಕೊಂಡರೂ ಒಂದು ಬದಿ ತಣ್ಣಗಿರುತ್ತಿತ್ತು. ಗೋಡೆಯಾಚೆ ಗಿರಿಜಕ್ಕ ಕೆಮ್ಮಿದರೆ ಕೇಳುತ್ತಿತ್ತು. ಅಪ್ಪ ಅವ್ವ ಇಬ್ಬರೂ ಆ ಕೆಮ್ಮು ಕೇಳದವರ ಹಾಗೆ ಇರುತ್ತಿದ್ದರು.

ಆ ದಿನಗಳಲ್ಲೇ ನನಗೆ ಪುಸ್ತಕ ಸಿಕ್ಕಿದ್ದು. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಗದಗದಿಂದ ರದ್ದಿ ಕಾಗದ ಬರುತ್ತಿತ್ತು. ಹಳೆ ಪತ್ರಿಕೆ, ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕ. ನಾನು ನೋಡುವ ಹೊತ್ತಿಗೆ ಅಪ್ಪ ಮುಂದಿನ ಹಾಳೆಗಳಲ್ಲಿ ಸಾಸಿವೆ, ಹಿಂದಿನವುಗಳಲ್ಲಿ ಜೀರಿಗೆ ಕಟ್ಟಿ ಕೊಟ್ಟಾಗಿತ್ತು. ಉಳಿದ ನಡುವಿನ ಭಾಗವನ್ನು ನಾನು ಕೇಳಿಕೊಂಡೆ. ಇಂಗ್ಲಿಷ್ ಕಲಿಯುತ್ತೇನೆ ಎಂದರೆ ಅಪ್ಪ ಏನನ್ನೂ ಕೊಡುತ್ತಿದ್ದ. ಹೀಗೆ ಹೆಸರಿಲ್ಲದ, ಬರೆದವರಿಲ್ಲದ, ಮೊದಲೂ ಕೊನೆಯೂ ಇಲ್ಲದ ಕಥೆಯೊಂದು ನನ್ನದಾಯಿತು. ಕನ್ನಡ ಮಾಧ್ಯಮದ ಹುಡುಗನಿಗೆ ಅದನ್ನು ಓದುವುದು ಎಂದರೆ ಕಲ್ಲು ಹೊಲ ಹಸನು ಮಾಡಿದ ಹಾಗೆ. ಒಂದು ಪುಟಕ್ಕೆ ಒಂದು ಸಂಜೆ. ತಿಳಿಯದ ಕಡೆ ಊಹಿಸಿಕೊಂಡು ಮುಂದೆ ಹೋಗುತ್ತಿದ್ದೆ. ಈಗ ಲೆಕ್ಕ ಹಾಕಿದರೆ ಅರ್ಧ ಓದಿದ್ದೇನೆ, ಅರ್ಧ ಕಟ್ಟಿದ್ದೇನೆ.

ಇಟ್ಟಿಗೆಯ ಸಾಲುಮನೆಗಳ ಒಂದು ನಗರ. ಅಲ್ಲಿ ಒಬ್ಬ ಹುಡುಗ. ಅವನ ತಂದೆ ಮನೆಮನೆಗೆ ಕಲ್ಲಿದ್ದಲು ಹಾಕುವವನು, ಎಲ್ಲರ ಹಿತ್ತಲಿಗೂ ಹೋಗುವವನು. ರಸ್ತೆಯ ಅಂಚಿನ ಕಲ್ಲುಗಳಿಗೆ ಒಂದು ಓಣಿಯಲ್ಲಿ ಒಂದು ಬಣ್ಣ, ಮುಂದಿನ ಓಣಿಯಲ್ಲಿ ಬೇರೆ ಬಣ್ಣ ಬಳಿದಿರುತ್ತಾರೆ. ಬೇಸಿಗೆಯಲ್ಲಿ ಒಂದು ಪಂಗಡದವರು ಡೊಳ್ಳು ಬಾರಿಸುತ್ತ ಮೆರವಣಿಗೆ ಹೊರಡುತ್ತಾರೆ, ಇನ್ನೊಂದು ಪಂಗಡದವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹುಡುಗನನ್ನು ದಾರಿಯಲ್ಲಿ ಅಪರಿಚಿತರು ನಿಲ್ಲಿಸಿ, ಯಾವ ಶಾಲೆ ಎಂದು ಕೇಳುತ್ತಾರೆ. ಶಾಲೆಯ ಹೆಸರು ಹೇಳಿದರೆ ಅವನು ಯಾರ ಪೈಕಿ ಎಂದು ತಿಳಿಯುತ್ತದೆ. ಇದನ್ನು ಓದಿದಾಗ ನನಗೆ ಗಿರಣಿ ನೆನಪಾಯಿತು. ಕೊನೆಗೆ ತಂದೆಗೆ ಒಂದು ಎಚ್ಚರಿಕೆ ಬರುತ್ತದೆ, ಆ ಓಣಿಗಳಿಗೆ ಇನ್ನು ಮೇಲೆ ಗಾಡಿ ತರಬೇಡ ಎಂದು. ಅವನು ಗಾಡಿ ಹೂಡಿಕೊಂಡು ಹೊರಡುತ್ತಾನೆ. ಅಲ್ಲಿಗೆ ನನ್ನ ಹಾಳೆ ಮುಗಿಯುತ್ತಿತ್ತು. ಮುಂದಿನದು ಯಾರದೋ ಮನೆಯಲ್ಲಿ ಜೀರಿಗೆಯ ಪೊಟ್ಟಣವಾಗಿತ್ತು.

ಶಾಲೆಯ ನಿಘಂಟಿನಲ್ಲಿ ಕ್ಯಾಥೊಲಿಕ್ ಎಂಬ ಪದ ಹುಡುಕಿದೆ. ಕ್ರೈಸ್ತರಲ್ಲಿ ಒಂದು ಪಂಗಡದವನು ಎಂದಿತ್ತು. ಪ್ರಾಟೆಸ್ಟಂಟ್ ಹುಡುಕಿದೆ. ಅಲ್ಲಿಯೂ ಅದೇ ಅರ್ಥ. ಇಂಗ್ಲಿಷ್ ಮಾಸ್ತರರನ್ನು ಕೇಳಿದೆ.

"ಇಬ್ಬರೂ ಏಸುವಿನ ಮಂದೀನ," ಎಂದರು.

"ಮತ್ಯಾಕ ಹೊಡದಾಡ್ತಾರ್ರಿ ಸರ್?"

"ನಿಮ್ಮಪ್ಪಗ ಕೇಳು."

ನಾನು ತಲೆ ತಗ್ಗಿಸಿದೆ. ಅವರಿಗೂ ಹಾಗೆ ಹೇಳಬಾರದಿತ್ತು ಅನ್ನಿಸಿರಬೇಕು. ಹತ್ತಿರ ಕರೆದು ಹೇಳಿದರು:

"ಅದು ದೇವರ ಜಗಳ ಅಲ್ಲೋ. ನೆಲ ಯಾರದು, ಸರ್ಕಾರ ಯಾರದು, ಕೆಲಸ ಯಾರಿಗೆ ಸಿಗಬೇಕು, ಅದರ ಸಲುವಾಗಿ ಐತಿ. ದೇವರನ್ನ ಗುರ್ತಿಗೆ ಇಟಗೊಂಡಾರ."

ಮುಂದೆ ಇತಿಹಾಸದ ದೊಡ್ಡ ದೊಡ್ಡ ಪುಸ್ತಕಗಳನ್ನು ಓದಿದಾಗಲೂ ಇದಕ್ಕಿಂತ ಹೆಚ್ಚು ತಿಳಿಯಿತು ಎನ್ನಲಾರೆ, ವಿವರಗಳು ಮಾತ್ರ ಬೆಳೆದವು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅಲ್ಲಿ ಜನ ಸತ್ತರು, ಬಾಂಬಿಗೆ, ಗುಂಡಿಗೆ, ತಮ್ಮ ಮನೆಯ ಬಾಗಿಲಲ್ಲೇ. ನಮ್ಮಲ್ಲಿ ನಿಂತದ್ದು ಮಜ್ಜಿಗೆಯ ಕೊಡುಕೊಳ್ಳುವಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸತ್ತವರಿಗೆ ಮಾಡುವ ಅವಮಾನ. ಆದರೆ ಆ ವಯಸ್ಸಿನಲ್ಲಿ ನನ್ನ ಹತ್ತಿರ ಬೇರೆ ತಕ್ಕಡಿ ಇರಲಿಲ್ಲ. ಗಾಡಿ ಹೂಡಿ ಹೋದ ಕಲ್ಲಿದ್ದಲಿನವನಿಗೆ ನನ್ನ ತಲೆಯಲ್ಲಿ ಅಪ್ಪನ ಮುಖ ಬಂದಿತ್ತು, ಕೆಲವು ದಿನ ದೊಡ್ಡಪ್ಪನದು. ಯಾರ ಮುಖ ಇದ್ದರೂ ಅವನು ಸಾಯುತ್ತಾನೆ ಎಂದೇ ನಿಶ್ಚಯಿಸಿಕೊಂಡಿದ್ದೆ.

ಈ ಕಥೆಯನ್ನು ಹೇಳಲು ನನಗೆ ಯಾರೂ ಇರಲಿಲ್ಲ. ನಾನೂ ಗಿರಿಜಕ್ಕನೂ ಕುಕನೂರಿನ ಹೈಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಒಂದು ದಿನ ಬಸ್ಸು ತುಂಬಿ ಅವಳು ನನ್ನ ಪಕ್ಕ ನಿಲ್ಲಬೇಕಾಯಿತು. ಹೊರಗೆ ನೋಡುತ್ತಲೇ ಕೇಳಿದಳು:

"ಏನ್ ಓದಾಕತ್ತೀಯೋ ತಮ್ಮಾ, ಅಂಕಲಿಪಿ?"

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಬಣ್ಣದ ಕಲ್ಲು, ಡೊಳ್ಳು, ಗಾಡಿ. ಅವಳು ಕೇಳಿಸಿಕೊಂಡು ಕೇಳಿದಳು:

"ಅವರೊಳಗ ಛಲೋ ಮಂದಿ ಯಾರು?"

"ಗೊತ್ತಿಲ್ಲ. ಆ ಹಾಳಿ ಹರದೈತಿ."

"ಮತ್ತ ಅವನ ಆಯಿ ಯಾರ ಕಡೆ ಅದಾಳ?"

ಪುಸ್ತಕದಲ್ಲಿ ಆ ಹುಡುಗನಿಗೆ ಅಜ್ಜಿಯೇ ಇರಲಿಲ್ಲ. ನಾನು ಅದನ್ನು ಹೇಳುವ ಮೊದಲೇ ಅವಳು ಮುಂದುವರಿಸಿದಳು:

"ನಮ್ಮಾಕಿ ನಿಮ್ಮ ಕಡೆ ಅದಾಳ. ನಮ್ಮ ಹೊಸ್ತಿಲಾ ಸೈತ ತುಳಿಯೂದಿಲ್ಲ. ಇರ್ಲಿ ಬಿಡು, ನಿಮಗ ಇಟಗೋರಿ."

ನಾವು ಮಾತನಾಡಿದ್ದನ್ನು ಯಾರೋ ಮನೆಗೆ ಮುಟ್ಟಿಸಿದರು. ಮರುದಿನದಿಂದ ಗಿರಿಜಕ್ಕ ಬೇರೆ ಬಸ್ಸಿಗೆ ಹೋಗತೊಡಗಿದಳು. ನನ್ನ ಪಕ್ಕದ ಸೀಟಿನಲ್ಲಿ ದಿನಕ್ಕೊಬ್ಬರು ಕುಳಿತರು, ಹೂವಿನ ಬುಟ್ಟಿ, ಕೋಳಿ, ಸಂತೆಯ ಚೀಲಗಳೊಂದಿಗೆ. ಅವರು ಯಾರೂ ನಾನು ಓದುತ್ತಿರುವುದು ಏನು ಎಂದು ಕೇಳಲಿಲ್ಲ.

ಇನ್ನು ಜ್ವರದ ದಿನ. ಅದು ಇದ್ದದ್ದು ನಿಜ, ಏಕೆಂದರೆ ಆ ವರ್ಷ ನನಗೆ ಟೈಫಾಯಿಡ್ ಆಗಿ ಶಾಲೆ ತಪ್ಪಿದ್ದನ್ನು ಅವ್ವ ಆಮೇಲೂ ಹೇಳುತ್ತಿದ್ದಳು. ಬೆಚ್ಚಗಿರಲಿ ಎಂದು ನನ್ನನ್ನು ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿದ್ದರು. ಅಪ್ಪ ಅಂಗಡಿಯಲ್ಲಿ, ಅವ್ವ ಬಟ್ಟೆ ಒಗೆಯಲು ಹಳ್ಳಕ್ಕೆ. ನಾನು ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು, ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅಕ್ಷರಗಳು ಈಜುತ್ತಿದ್ದವು. ಅಲ್ಲಿಂದ ಮುಂದೆ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ಇಟ್ಟಿಗೆಯ ಗೋಡೆಯ ಪಕ್ಕ ಮುದುಕಿಯೊಬ್ಬಳು ಮೊಣಕಾಲೂರಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಾಳೆ. ಇನ್ನೊಂದರಲ್ಲಿ ಆಯಿ ದೀಪದ ಗೂಡಿನ ಹಿಂದಿನ ಪರ್ಸಿ ಕಲ್ಲಿನ ಚಪ್ಪಡಿಯನ್ನು ಎರಡೂ ಕೈಯಿಂದ ಸರಿಸುತ್ತಾಳೆ, ಸೆರಗಿನೊಳಗಿಂದ ಹೆಪ್ಪಿನ ಬಟ್ಟಲು ತೆಗೆಯುತ್ತಾಳೆ.

"ಶಾಂತವ್ವಾ, ಹಿಡಿ."

ಶಾಂತವ್ವ ಎಂದರೆ ದೊಡ್ಡವ್ವ. ಹಸಿರು ಬಳೆಯ ಕೈ ಬಂತು.

"ಹಿಡದೇನ್ರಿ ಅತ್ತಿ."

"ನಿನ್ನಿದು ಹುಳಿ ಆಗಿತ್ತೇನ?"

"ಇಲ್ರಿ, ಛಲೋ ಕೂತಿತ್ತು. ಅವರು ಎರಡು ಸಲ ಹಾಕಿಸಿಕೊಂಡ್ರು."

"ಅವಗ ಹಂಗ ಬೇಕು, ಗಟ್ಟಿ. ಸಣ್ಣವ ಇದ್ದಾಗಿಂದ."

ಬೇರೆ ಮನೆಯ ಹೆಪ್ಪು ಹಾಕಿದರೆ ಮೊಸರಿನ ರುಚಿ ಬೇರೆಯಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತಾನು ಹಾಕಿದ ಹೆಪ್ಪಿನ ಮೊಸರನ್ನೇ ದೊಡ್ಡಮಗ ಉಣ್ಣಲಿ, ಅದು ಎಲ್ಲಿಯದೆಂದು ಅವನಿಗೆ ತಿಳಿಯದಿರಲಿ, ಅವಳಿಗೆ ಬೇಕಿದ್ದದ್ದು ಇಷ್ಟು. ಅಥವಾ ಅವಳಿಗೆ ಹೀಗೆ ಬೇಕಿತ್ತು ಎಂದು ಜ್ವರ ಬಂದ ಹುಡುಗ ಕಟ್ಟಿಕೊಂಡ. ಕಲ್ಲು ಮುಚ್ಚಿ ತಿರುಗಿದ ಆಯಿ ನನ್ನ ಕಣ್ಣು ತೆರೆದಿರುವುದನ್ನು ಕಂಡಳು.

"ಏನ್ ನೋಡ್ತಿ ಮಗಾ? ನಿನ್ನ ಪುಸ್ತಕ ಓದು."

ನಾನು ಓದಿದೆ. ಕಂಡದ್ದನ್ನು ಯಾರಿಗೂ ಹೇಳಬಾರದು ಎಂದು ಅವಳು ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಆ ಕೈ ಪುಸ್ತಕದೊಳಗೆ ಹೋಗಿ ಅಲ್ಲೇ ಉಳಿಯಿತು.

ಆಯಿ ನಮ್ಮ ಕಡೆಯೇ ತೀರಿಕೊಂಡಳು. ಮಣ್ಣಿಗೆ ದೊಡ್ಡಪ್ಪನ ಮನೆಯವರು ಬಂದರು, ಓಣಿಯಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ. ಮುಂದೆ ನಾನು ಓದಲು ಧಾರವಾಡಕ್ಕೆ ಹೋದೆ, ಗಿರಿಜಕ್ಕನನ್ನು ಕುಷ್ಟಗಿಗೆ ಕೊಟ್ಟರು. ಹಿರಿಯರು ಒಬ್ಬೊಬ್ಬರಾಗಿ ಹೋದರು. ಮನೆಯ ಎರಡೂ ಭಾಗಗಳನ್ನು ಗೊಬ್ಬರದ ಅಂಗಡಿಯವರೊಬ್ಬರು ಗೋದಾಮಿಗೆಂದು ಕೊಂಡರು. ನಾನು ಕೊಪ್ಪಳದಲ್ಲಿ ಮನೆ ಮಾಡಿದ ಮೇಲೆ ಗಿರಿಜಕ್ಕನ ಜೊತೆ ಮಾತು ಮತ್ತೆ ಶುರುವಾಯಿತು, ಮದುವೆ ಮುಂಜಿಗಳಲ್ಲಿ, ಫೋನಿನಲ್ಲಿ. ಯಾವ ಮಾತು ತೆಗೆದರೂ ಅವಳು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆಗೆ. ಅಪ್ಪ ಕಾಕಾ ಜಗಳಾಡಿದರು, ಅದು ಗಂಡಸರ ಮಾತು, ಆಯಿ ಯಾಕೆ ತಮ್ಮನ್ನು ಬಿಟ್ಟಳು ಎಂಬುದು. ಅರವತ್ತರ ಹತ್ತಿರ ಬಂದ ಹೆಂಗಸು ಅದನ್ನು ಹೇಳುವಾಗ ದನಿ ಬಸ್ಸಿನಲ್ಲಿ ನಿಂತ ಹುಡುಗಿಯದೇ ಆಗುತ್ತಿತ್ತು.

ವಿದ್ಯಾರ್ಥಿನಿ ಬಳೆಯ ಪ್ರಶ್ನೆ ಕೇಳಿದ ಮೇಲೆ ನಾನು ಆ ಕಾದಂಬರಿಯನ್ನು ಹುಡುಕಲು ಕುಳಿತೆ. ನೆನಪಿದ್ದ ಒಂದೆರಡು ಓಣಿಯ ಹೆಸರು, ಕಲ್ಲಿದ್ದಲಿನ ಗಾಡಿ ಎಂದೆಲ್ಲ ಫೋನಿನಲ್ಲಿ ಹಾಕಿ ನೋಡುತ್ತ ಹೋದೆ. ಕೊನೆಗೆ ಸಿಕ್ಕಿತು. ಹಳೆಯ ಪ್ರತಿಯೊಂದು ಅಂಚೆಯಲ್ಲಿ ಬಂತು. ಮೊದಲಿನಿಂದ ಕೊನೆಯವರೆಗೆ ಓದಿದೆ, ಸಂಶಯವಾಗಿ ಇನ್ನೊಮ್ಮೆ ಓದಿದೆ. ಕಲ್ಲಿದ್ದಲಿನವನು ಸಾಯುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಬೇರೆ ಊರಿಗೆ ಹೋಗುತ್ತಾನೆ, ಅಲ್ಲಿ ಯಾರಿಗೂ ಅವನ ಪರಿಚಯವಿಲ್ಲ. ಇಷ್ಟು ವರ್ಷ ನಾನು ಸುಮ್ಮನೆ ಅವನನ್ನು ಕೊಂದಿದ್ದೆ. ಗೋಡೆ ಇದೆ, ತಗಡಿನದು. ಅದರಲ್ಲಿ ಕಿಂಡಿ ಇಲ್ಲ. ಮುದುಕಿ ಇಲ್ಲ. ಬಟ್ಟಲು ಇಲ್ಲ. ಪುಸ್ತಕ ಮುಚ್ಚಿದಾಗ ಸಂತೋಷವಾಗಬೇಕಿತ್ತು, ಆಗಲಿಲ್ಲ. ಓದಿದ್ದಲ್ಲ ಎಂದರೆ ಕಂಡದ್ದು ಎಂದಾಗುವುದಿಲ್ಲ. ಮೂರನೆಯದೂ ಒಂದಿದೆ, ಕಲ್ಪಿಸಿಕೊಂಡದ್ದು. ಆ ಬಟ್ಟಲನ್ನು ಹಿಡಿದಿದ್ದ ಎರಡು ಕೈಗಳೂ ಮಣ್ಣಾಗಿದ್ದವು. ಗಿರಿಜಕ್ಕನಿಗೆ ಫೋನು ಮಾಡಿದೆ.

"ಗೋಡ್ಯಾಗ ಕಿಂಡಿ? ಇಲ್ಲಪಾ. ನೀ ಆ ನಿನ್ನ ಪುಸ್ತಕದಾಗ ಓದಿರಬೇಕು."

"ಪುಸ್ತಕದಾಗ ಇಲ್ಲಕ್ಕಾ. ಈಗ ನೋಡೀನಿ."

"ಹಂಗಾದ್ರ ಕನಸು. ನಮ್ಮವ್ವ ಗಟ್ಟಿ ಹೆಣಮಗಳು ತಮ್ಮಾ. ಎಂದೂ ಹೆಪ್ಪು ಕೇಳಾಕ ಸೈತ ಯಾರ ಮನಿಗೂ ಹೋಗಲಿಲ್ಲ. ಇನ್ನ ನಿಮ್ಮ ಕಡೆ ಕೈ ಒಡ್ಡತಾಳಾ?"

ಇಡ್ತೀನಿ ಎಂದವಳು ಫೋನು ಇಡಲಿಲ್ಲ. ಆಮೇಲೆ ಅವಳೇ ಕೇಳಿದಳು:

"ಗೋದಾಮಿನವರು ಒಳಗ ಬಿಡ್ತಾರೇನು?"

ಬಿಟ್ಟರು. ಒಂದು ಬೆಳಿಗ್ಗೆ ನಾನು ಕೊಪ್ಪಳದಿಂದ, ಅವಳು ಕುಷ್ಟಗಿಯಿಂದ ಬಂದು ಸೇರಿದೆವು. ಎರಡೂ ಅಡುಗೆಮನೆಗಳಲ್ಲಿ ಯೂರಿಯಾ ಚೀಲಗಳಿದ್ದವು. ಗೋಡೆಗೆ ಸಿಮೆಂಟಿನ ಗಿಲಾವು ಆಗಿತ್ತು. ನಮ್ಮ ಕಡೆ ಗೂಡು ಎಲ್ಲಿಯೂ ಕಾಣಲಿಲ್ಲ. ಗಿರಿಜಕ್ಕ ನನ್ನ ಮುಖ ನೋಡಿದಳು. ನಾನು ನೆಲದ ಮೇಲೆ ಕುಳಿತೆ, ಆಯಿ ಕುಳಿತಿದ್ದ ಹಾಗೆ, ಮತ್ತು ಕೈ ಚಾಚಿದೆ. ಅಲ್ಲಿ ಬೆರಳಿನಿಂದ ಬಡಿದರೆ ಸದ್ದು ಬೇರೆ ಬಂತು. ಗೋದಾಮಿನ ಮಾಲೀಕರು ಉಳಿ, ಸುತ್ತಿಗೆ ಕೊಟ್ಟು, ಹುಷಾರಿಂದ ಒಡೀರಿ ಸರ, ಖಜಾನಿ ಸಿಕ್ಕರ ಅರ್ಧ ನನಗ ಎಂದು ನಕ್ಕರು. ಗಿಲಾವು ಒಡೆದಾಗ ಗೂಡು ಕಂಡಿತು. ಒಳಗೆ ಬೆರಳಾಡಿಸಿ ನೋಡಿದೆ, ಮಸಿ ಹತ್ತಲಿಲ್ಲ. ಆ ಗೂಡಿನಲ್ಲಿ ಯಾರೂ ದೀಪ ಹಚ್ಚಿರಲಿಲ್ಲ. ಅದರ ಬೆನ್ನಿಗೆ ಒಂದು ಪರ್ಸಿ ಕಲ್ಲು ನಿಂತಿತ್ತು, ಗಾರೆ ಇಲ್ಲದೆ. ಅಲುಗಾಡಿಸಿದರೆ ಬಂತು. ಅದರ ಹಿಂದೆ ಆ ಕಡೆಯ ಸಿಮೆಂಟಿನ ತೆಳ್ಳನೆಯ ಪದರ. ಗಿರಿಜಕ್ಕ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು, ಹೊರಗೆ ಹೋಗಿ, ಓಣಿ ಸುತ್ತಿ, ತಮ್ಮ ಮನೆಯ ಬಾಗಿಲಿನಿಂದ ಒಳಗೆ ಬಂದಳು. ಚೀಲಗಳನ್ನು ಸರಿಸುವ ಸದ್ದು ಕೇಳಿತು. ಆಮೇಲೆ ಎರಡು ಪೆಟ್ಟು.

ಅಯ್ಯನವರು ನಕ್ಕರೋ ಇಲ್ಲವೋ, ಮೌಲಾಸಾಬನಿಗೆ ಆಯಿ ಏನು ಹೇಳಿದಳೋ, ಜ್ವರದಲ್ಲಿ ನಾನು ಕೇಳಿದ ಮಾತುಗಳು ಅವೇ ಹೌದೋ ಅಲ್ಲವೋ, ಯಾವುದಕ್ಕೂ ನಾನು ಜವಾಬ್ದಾರನಲ್ಲ. ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ. ಗೂಡು ಆರಪಾರ ಇತ್ತು. ಆ ಕಡೆಯಿಂದ ಗಿರಿಜಕ್ಕ ಕೈ ಹಾಕಿದಳು, ಬಳೆಗಳ ಸಮೇತ ಅದು ಮಣಿಕಟ್ಟಿನವರೆಗೆ ಈ ಕಡೆ ಬಂತು.